ಔಷಧಿ ಡಬ್ಬಿ ಬಿಚ್ಚುವ ಮುಂಚೆ: ಯುವ ರೈತರಿಗೆ ಒಂದು ಬಹಿರಂಗ ಪತ್ರ

ನಾಡಿನ ಯುವ ರೈತ ಬಂಧುಗಳಿಗೆ,



ಅಪ್ಪನ ಕೈಯಲ್ಲಿದ್ದ ಹೊಲದ ಉಸ್ತುವಾರಿ ಈಗಷ್ಟೇ ನಿಮ್ಮ ಕೈಗೆ ಬಂದಿದೆ. ಯಾವ ಬೀಜ, ಎಷ್ಟು ಗೊಬ್ಬರ, ಯಾವಾಗ ಔಷಧಿ ಎಂದು ತೀರ್ಮಾನಿಸುವವರು ಇನ್ನು ಮೇಲೆ ನೀವು. ಅದಕ್ಕೇ ಈ ಪತ್ರವನ್ನು ನಿಮ್ಮ ಹೆಸರಿಗೆ ಬರೆಯುತ್ತಿದ್ದೇನೆ. ನಾನೂ ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ನಡುವೆಯೇ ಬೆಳೆದವನು. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ ಒಂದು: ಗೊಬ್ಬರದಂಗಡಿಗೆ ಹೋಗುವ ಮುಂಚೆ, ಗಿಡದ ಮೇಲಿರುವ ಹುಳವನ್ನು ಬಗ್ಗಿ ಒಮ್ಮೆ ನೋಡಿ. ಅದು ಯಾವ ಗುಂಪಿನದು ಎಂದು ಗುರುತು ಹಿಡಿಯಿರಿ. ಆಮೇಲೆ ದುಡ್ಡು ಬಿಚ್ಚಿ.

ಬ್ಯಾಡಗಿ ಸೀಮೆಯ ಅಂಗಡಿಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಬೈಕು ನಿಲ್ಲಿಸಿ ಬಂದವನೇ, “ಅಣ್ಣಾರ, ಮೆಣಸಿನ ಗಿಡಕ್ಕ ಮುಟುರು ಬಂದೈತ್ರಿ, ಒಂದ್ ಛಲೋ ಎಣ್ಣಿ ಕೊಡ್ರಿ” ಅಂದ. ಅಂಗಡಿಯವರು “ಎಷ್ಟ್ ಎಕರೆ ಐತಿ?” ಎಂದಷ್ಟೇ ಕೇಳಿದರು. ಎರಡು ಬಾಟಲಿ, ಜೊತೆಗೊಂದು ಪೊಟ್ಟಣ ಮೇಜಿನ ಮೇಲೆ ಬಂದವು. ಎಲೆ ಮೇಲಕ್ಕೆ ಸುರುಳಿದೆಯೋ ಕೆಳಕ್ಕೋ ಎಂದು ಇವರು ಕೇಳಲಿಲ್ಲ, ಅವನೂ ನೋಡಿಕೊಂಡು ಬಂದಿರಲಿಲ್ಲ. ಐದು ನಿಮಿಷದಲ್ಲಿ ವ್ಯವಹಾರ ಮುಗಿಯಿತು. ಅವನು ಕೊಟ್ಟ ದುಡ್ಡಿನಲ್ಲಿ ಒಂದು ಮನೆಯ ತಿಂಗಳ ದಿನಸಿ ಬರುತ್ತಿತ್ತು.

ಮೆಣಸಿನಲ್ಲಿ ಎಲೆ ಮುಟುರಲು ಮುಖ್ಯವಾಗಿ ಮೂರು ಕಾರಣಗಳಿವೆ, ಮೂರೂ ಬೇರೆ ಬೇರೆ. ಎಲೆಯ ಅಂಚು ಮೇಲಕ್ಕೆ ಮಡಚಿಕೊಂಡಿದ್ದರೆ ಸಾಮಾನ್ಯವಾಗಿ ಅದು ಥ್ರಿಪ್ಸ್ ಕೆಲಸ. ಅಂಚು ಕೆಳಕ್ಕೆ ಮಡಚಿ ಎಲೆಯ ತೊಟ್ಟು ಉದ್ದವಾಗಿ ಎಳೆದುಕೊಂಡಿದ್ದರೆ ಹಳದಿ ಮೈಟ್. ಎಲೆ ಚಿಕ್ಕದಾಗಿ, ನರ ದಪ್ಪವಾಗಿ, ಗಿಡವೇ ಗಿಡ್ಡಾಗಿ ನಿಂತಿದ್ದರೆ ಬಿಳಿನೊಣ ಹರಡಿದ ನಂಜುರೋಗ. ಥ್ರಿಪ್ಸನ್ನೂ ಮೈಟನ್ನೂ ನಮ್ಮಲ್ಲಿ ‘ನುಸಿ’ ಎಂದೇ ಕರೆಯುತ್ತಾರೆ. ಆದರೆ ಥ್ರಿಪ್ಸ್ ಕೀಟ, ಮೈಟ್ ಕೀಟವೇ ಅಲ್ಲ. ಅದು ಜೇಡ, ಉಣ್ಣೆ, ಚೇಳುಗಳ ಬಳಗದ್ದು. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಿ ಮೈಟಿಗೆ ತಾಗುವುದೇ ಇಲ್ಲ. ಪೈರೆಥ್ರಾಯ್ಡ್ ಬಗೆಯ ಔಷಧಿಗಳಂತೂ ಮೈಟನ್ನು ತಿಂದು ಬದುಕುವ ಜೀವಿಗಳನ್ನು ಕೊಂದು ಅದರ ಸಂತಾನ ಹೆಚ್ಚಿಸಿಬಿಡುತ್ತವೆ. ಗಂಧಕ ಮೈಟಿನ ಮೇಲೆ ಕೆಲಸ ಮಾಡುತ್ತದೆ. ಬಿಳಿನೊಣದ ನಂಜು ಒಮ್ಮೆ ಗಿಡಕ್ಕೆ ಹೊಕ್ಕರೆ ಯಾವ ಔಷಧಿಯೂ ಅದನ್ನು ಹೊರತೆಗೆಯದು. ಮೂರಕ್ಕೂ ಒಂದೇ ಬಾಟಲಿ ಕೊಂಡರೆ ಆಗುವುದೇನು, ನೀವೇ ಯೋಚಿಸಿ.

ಹಾಗಾದರೆ ಹೇಗೆ ಗುರುತಿಸುವುದು? ಮೊದಲು ಕಾಲು ಎಣಿಸಿ. ಬೆಳಗಿನ ಹೊತ್ತು ಮೆಣಸಿನ ಹೂವಿರುವ ಟೊಂಗೆಯನ್ನು ಬಿಳಿ ಕಾಗದದ ಮೇಲೆ ಎರಡು ಸಲ ತಟ್ಟಿ. ಥ್ರಿಪ್ಸ್ ಇದ್ದರೆ ಒಂದೆರಡು ಮಿಲಿಮೀಟರ್ ಉದ್ದದ ಸಣ್ಣ ಗೀರುಗಳು ಕಾಗದದ ಮೇಲೆ ಹರಿದಾಡುತ್ತವೆ. ಹತ್ತು ಪಟ್ಟು ಹಿಗ್ಗಿಸಿ ತೋರುವ ಕೈಮಸೂರ ಹಿಡಿದರೆ ಆರು ಕಾಲು ಕಾಣುತ್ತವೆ. ದೊಡ್ಡದಾದರೆ ಬೆನ್ನ ಮೇಲೆ ರೆಕ್ಕೆಗಳ ಅಂಚಿಗೆ ಸಾಲಾಗಿ ಕೂದಲೂ ಕಾಣುತ್ತವೆ. ಅಂಥ ಕೂದಲಂಚಿನ ರೆಕ್ಕೆಯೇ ಥ್ರಿಪ್ಸ್ ಗುಂಪಿನ ಗುರುತು. ಮೈಟ್ ಇನ್ನೂ ಸಣ್ಣದು, ಬರಿಗಣ್ಣಿಗೆ ಕಾಣುವುದೇ ಕಷ್ಟ. ಎಳೆ ಎಲೆಯ ಅಡಿಭಾಗವನ್ನು ಮಸೂರದಲ್ಲಿ ನೋಡಿದರೆ ಪಾರಕ ಹಳದಿ ಬಣ್ಣದ ಚುಕ್ಕೆಗಳು ನಿಧಾನವಾಗಿ ಸರಿಯುತ್ತಿರುತ್ತವೆ. ಅದಕ್ಕೆ ಎಂಟು ಕಾಲು. ಮೊಟ್ಟೆಯೊಡೆದು ಬಂದ ಮರಿಗೆ ಮಾತ್ರ ಆರು. ರೆಕ್ಕೆ ಇಲ್ಲ, ಮೀಸೆಯೂ ಇಲ್ಲ.

ಕೀಟ ಎಂದರೆ ಇಷ್ಟು: ತಲೆ, ಎದೆ, ಹೊಟ್ಟೆ ಎಂದು ಮೈ ಮೂರು ಭಾಗ, ಎದೆಗೆ ಅಂಟಿದ ಮೂರು ಜೊತೆ ಕಾಲು, ತಲೆಯ ಮೇಲೆ ಒಂದು ಜೊತೆ ಮೀಸೆ, ಬಹುಪಾಲಿಗೆ ರೆಕ್ಕೆ. ವಿಜ್ಞಾನಿಗಳು ಈವರೆಗೆ ಹೆಸರಿಟ್ಟಿರುವ ಕೀಟ ಪ್ರಭೇದಗಳು ಸುಮಾರು ಹತ್ತು ಲಕ್ಷ. ಗಾಬರಿಯಾಗಬೇಡಿ. ಅಷ್ಟನ್ನೂ ಅವರು ಮೂವತ್ತರ ಆಸುಪಾಸಿನ ಗುಂಪುಗಳಿಗೆ ಇಳಿಸಿದ್ದಾರೆ, ಆ ಗುಂಪುಗಳಲ್ಲಿ ಹೊಲದಲ್ಲಿ ದಿನಾ ಎದುರಾಗುವವು ಏಳೆಂಟು ಮಾತ್ರ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಕೀಟಗಳನ್ನು ಏಳು ಗುಂಪು ಮಾಡಿದಾಗ ಮುಖ್ಯವಾಗಿ ನೋಡಿದ್ದು ರೆಕ್ಕೆಯನ್ನು: ಎಷ್ಟಿವೆ, ಹೇಗಿವೆ, ಇಲ್ಲವೇ ಇಲ್ಲವೋ ಎಂದು. ಆ ವಿಧಾನ ಇಂದಿಗೂ ಹೊಲದಲ್ಲಿ ನಡೆಯುತ್ತದೆ.

ನೊಣ, ಸೊಳ್ಳೆಗಳಿಗೆ ಎರಡೇ ರೆಕ್ಕೆ. ಹಿಂದಿನ ಜೊತೆ ಸವೆದು ಸಣ್ಣ ಗುಂಡಿನಂಥ ಕಡ್ಡಿಗಳಾಗಿವೆ; ಹಾರುವಾಗ ಮೈಯ ಸಮತೋಲ ಕಾಯುವುದು ಅವುಗಳ ಕೆಲಸ. ಜೇನು, ಕಣಜ, ರೆಕ್ಕೆಯಿರುವ ಇರುವೆಗಳಿಗೆ ನಾಲ್ಕು. ಹಿಂದಿನವು ಚಿಕ್ಕವು, ಸಣ್ಣ ಕೊಕ್ಕೆಗಳಿಂದ ಮುಂದಿನವಕ್ಕೆ ಸಿಕ್ಕಿಸಿಕೊಂಡಿರುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ನಡು ಸಪೂರ. ಈ ವ್ಯತ್ಯಾಸ ಗೊತ್ತಿದ್ದರೆ ಕುಸುಬೆ, ಸಾಸಿವೆ ಹೂವಿನ ಮೇಲೆ ಗಾಳಿಯಲ್ಲೇ ನಿಂತು ಝೇಂಕರಿಸುವ, ಹಳದಿ ಕಪ್ಪು ಪಟ್ಟೆಯ ಆ ಪುಟ್ಟ ಹುಳ ಏನೆಂದು ತಿಳಿಯುತ್ತದೆ. ನೋಡಿದವರು ಜೇನು ಅನ್ನುತ್ತಾರೆ, ಕಚ್ಚೀತೆಂದು ಕೈ ಬೀಸುತ್ತಾರೆ. ಅದು ಕೂತಾಗ ನೋಡಿ: ರೆಕ್ಕೆ ಎರಡೇ, ಮೀಸೆ ಮೊಟಕು, ತಲೆ ತುಂಬಾ ಕಣ್ಣು. ಅದು ಸಿರ್ಫಿಡ್ ನೊಣ. ಅದಕ್ಕೆ ಮುಳ್ಳಿಲ್ಲ. ಅದರ ಮರಿ ನಿಮ್ಮ ಬೆಳೆಯ ಹೇನುಗಳ ನಡುವೆ ಕೂತು ಅವನ್ನೇ ಹೀರಿ ಬೆಳೆಯುತ್ತದೆ. ಮೇಲೆ ಹೇಳಿದ ಬಿಳಿನೊಣಕ್ಕಾದರೋ ನಾಲ್ಕು ರೆಕ್ಕೆ, ಮೇಣದ ಪುಡಿ ಮೆತ್ತಿದವು. ಅದು ತಿಗಣೆ, ಹೇನು, ಜಿಗಿಹುಳಗಳ ಗುಂಪಿನದು.

ದುಂಬಿಗಳ ಮುಂದಿನ ರೆಕ್ಕೆ ಗಟ್ಟಿ ಚಿಪ್ಪು. ಎರಡು ಚಿಪ್ಪು ಬೆನ್ನ ನಡುವೆ ನೇರ ಗೆರೆಯಲ್ಲಿ ಕೂಡುತ್ತವೆ. ಹಾರುವ ತೆಳು ರೆಕ್ಕೆ ಅದರಡಿ ಮಡಚಿರುತ್ತದೆ. ಭೂಮಿಯ ಮೇಲಿನ ಅತಿ ದೊಡ್ಡ ಕೀಟ ಗುಂಪು ಇದು, ಸುಮಾರು ನಾಲ್ಕು ಲಕ್ಷ ಪ್ರಭೇದ. ಮಿಂಚುಹುಳು, ಗುಲಗಂಜಿ ಹುಳು, ತೆಂಗಿನ ಕುರುವಾಯಿ, ಮುಂಗಾರಿನ ಮೊದಲ ಮಳೆಗೆ ನೆಲದಿಂದೆದ್ದು ಸಂಜೆ ಬೇವಿನ ಮರಕ್ಕೆ ಮುತ್ತುವ ಗೊಣ್ಣೆಹುಳದ ದುಂಬಿ, ಎಲ್ಲವೂ ಇಲ್ಲಿಯವೇ. ದುಂಬಿಯಂತೆ ಕಂಡರೂ ಬೆನ್ನ ಮೇಲೆ ನೇರ ಗೆರೆಯಿಲ್ಲದೆ, ನಡುವೆ ತ್ರಿಕೋನವಿದ್ದು, ರೆಕ್ಕೆಯ ಬುಡ ಗಟ್ಟಿ, ತುದಿ ತೆಳು ಪೊರೆ, ಒಂದರ ಮೇಲೊಂದು ಬಿದ್ದಿದ್ದರೆ ಅದು ತಿಗಣೆ. ಅನುಮಾನವಿದ್ದರೆ ಮಗುಚಿ ನೋಡಿ, ತಲೆಯಡಿ ಸೂಜಿಮೂತಿ ಮಡಚಿಟ್ಟುಕೊಂಡಿರುತ್ತದೆ. ಚಿಟ್ಟೆ, ಪತಂಗ ನಿಮಗೆ ಗೊತ್ತೇ ಇದೆ: ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದಲ್ಲ, ಅದು ರೆಕ್ಕೆಯ ಮೇಲಿನ ಸಣ್ಣ ಹುರುಪೆ. ಚಿಟ್ಟೆಯ ಮೀಸೆಯ ತುದಿ ಗುಂಡಗೆ ದಪ್ಪ. ಪತಂಗದ್ದು ದಾರದಂತೆ ಅಥವಾ ಗರಿಯಂತೆ. ಮಿಡತೆಗೆ ಜಿಗಿಯುವ ಹಿಂಗಾಲು. ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಹಿಡಿಯುವ ಹುಳಕ್ಕೆ ಕೂತಾಗಲೂ ಚಾಚಿಯೇ ಇರುವ ನಾಲ್ಕು ರೆಕ್ಕೆ, ತಲೆಯೇ ಕಣ್ಣು; ಅದರ ಮರಿ ನೀರಿನಲ್ಲಿ ಸೊಳ್ಳೆಮರಿ ತಿನ್ನುತ್ತದೆ.

ಗೆದ್ದಲನ್ನು ಬಿಳಿ ಇರುವೆ ಎನ್ನುವವರು ಇನ್ನೂ ಇದ್ದಾರೆ. ಇರುವೆಯ ನಡು ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ. ಗೆದ್ದಲಿಗೆ ನಡುವೇ ಇಲ್ಲ, ಮೀಸೆ ಮಣಿ ಪೋಣಿಸಿದ ಹಾಗೆ ನೆಟ್ಟಗೆ. ಮಳೆಗಾಲದ ಸಂಜೆ ದೀಪಕ್ಕೆ ಮುತ್ತಿದಾಗ ಅದರ ನಾಲ್ಕೂ ರೆಕ್ಕೆ ಒಂದೇ ಅಳತೆಯಾಗಿರುವುದನ್ನು ನೋಡಬಹುದು. ವಿಜ್ಞಾನಿಗಳು ಈಗ ಅದನ್ನು ಜಿರಳೆಗಳ ಗುಂಪಿಗೆ ಸೇರಿಸಿದ್ದಾರೆ.

ರೆಕ್ಕೆ ನೋಡಿ ಹೆಸರು ಹೇಳಬಹುದು. ಆದರೆ ರೈತನಿಗೆ ಬಹಳ ಬೇಕಾದದ್ದು ಬಾಯಿ. ಹುಳ ಎಲೆ ಕಡಿದು ತಿನ್ನುತ್ತದೆಯೋ, ಸೂಜಿ ಚುಚ್ಚಿ ರಸ ಹೀರುತ್ತದೆಯೋ? ಮಿಡತೆ, ದುಂಬಿ, ಪತಂಗದ ಮರಿಗಳಿಗೆ ಕಡಿಯುವ ದವಡೆ. ಎಲೆಯಲ್ಲಿ ತೂತು, ಕಚ್ಚಿದ ಅಂಚು, ಕೆಳಗೆ ಹಿಕ್ಕೆ ಕಾಣುತ್ತವೆ. ಹೇನು, ಜಿಗಿಹುಳು, ಬಿಳಿನೊಣ, ಹಿಟ್ಟುತಿಗಣೆಗಳಿಗೆ ಸೂಜಿ. ಎಲೆಯಲ್ಲಿ ತೂತಿರುವುದಿಲ್ಲ, ಹಳದಿಯಾಗಿ ಮುದುಡುತ್ತದೆ, ಅಂಟು ಸುರಿಯುತ್ತದೆ, ಅಂಟಿನ ಮೇಲೆ ಕಪ್ಪು ಮಸಿ ಬೆಳೆಯುತ್ತದೆ, ಅಂಟು ನೆಕ್ಕಲು ಇರುವೆ ಸಾಲುಗಟ್ಟುತ್ತದೆ. ಹುಳ ಕಾಣದಿದ್ದಾಗಲೂ ಗಾಯ ನೋಡಿ ಗುಂಪು ಹೇಳಬಹುದು.

ಇದು ಗೊತ್ತಿಲ್ಲದೆ ನಮ್ಮ ಹತ್ತಿ ಬೆಳೆಗಾರರು ಎಷ್ಟು ಕಳೆದುಕೊಂಡರೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿರುವ ವಿಷ ಕೆಲಸ ಮಾಡುವುದು ಕಾಯಿಕೊರಕ ಕೀಡಿಗಳ, ಅಂದರೆ ಪತಂಗದ ಮರಿಗಳ ಮೇಲೆ. ಹೇನು, ಜಿಗಿಹುಳು, ಬಿಳಿನೊಣಗಳಿಗೆ ಅದು ಏನೂ ಮಾಡುವುದಿಲ್ಲ, ಮಾಡಬೇಕೆಂದು ತಯಾರಾದದ್ದೂ ಅಲ್ಲ. ಊರಲ್ಲಿ ಹಬ್ಬಿದ ಮಾತು ಮಾತ್ರ “ಈ ಬೀಜಕ್ಕ ಹುಳಾನ ಬೀಳಂಗಿಲ್ಲ” ಎಂದು. ರಸ ಹೀರುವ ಹುಳ ಬಿದ್ದಾಗ ಬೀಜವೇ ಮೋಸ ಎಂದು ಕೆಲವರು ಜಗಳಕ್ಕೆ ಹೋದರು. ಕೆಲವರು ಕೀಡಿ ಕೊಲ್ಲುವ ಔಷಧಿಯನ್ನೇ ಮೇಲೆ ಹೊಡೆದರು. ಅವರಿಗೆ ಯಾರೂ ಕಡಿಯುವ ಬಾಯಿ, ಹೀರುವ ಬಾಯಿ ಎಂದು ವಿಂಗಡಿಸಿ ಹೇಳಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲೇ ಲೆಸ್ಲಿ ಕೋಲ್ಮನ್ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದಿದ್ದರು. ನೂರು ವರ್ಷ ದಾಟಿದರೂ ಆ ವಿದ್ಯೆ ಹೊಲದ ಬದುವಿನವರೆಗೆ ಬಂದಿಲ್ಲ.

ಇನ್ನು ಕೀಡಿ. ನಾವು ‘ಹುಳ’ ಎಂದು ಬೈಯುವುದರಲ್ಲಿ ಬಹುಪಾಲು ಮರಿಗಳೇ, ಅವುಗಳಿಗೆ ರೆಕ್ಕೆಯಿಲ್ಲ. ಅಲ್ಲಿಯೂ ಕಾಲೇ ದಾರಿ ತೋರಿಸುತ್ತದೆ. ಪತಂಗದ ಕೀಡಿಗೆ ಎದೆಯಲ್ಲಿ ಮೂರು ಜೊತೆ ನಿಜವಾದ ಕಾಲು, ಹೊಟ್ಟೆಯಡಿ ಹೆಚ್ಚೆಂದರೆ ಐದು ಜೊತೆ ಮೆತ್ತನೆಯ ಮೊಂಡುಗಾಲು. ಸೋಯಾಅವರೆಯಲ್ಲಿ ಬೆನ್ನು ಬಿಲ್ಲಾಗಿಸಿ ನಡೆಯುವ ಕೊಂಡಿಹುಳಕ್ಕೆ ನಡುವಿನ ಮೊಂಡುಗಾಲು ಕಡಿಮೆ, ಅದಕ್ಕೇ ಆ ನಡಿಗೆ. ಸಾಸಿವೆ, ಮೂಲಂಗಿ ಎಲೆ ತಿನ್ನುವ ಕರಿ ಮರಿಯ ಮೊಂಡುಗಾಲು ಎಣಿಸಿದರೆ ಐದು ಜೊತೆ ದಾಟುತ್ತದೆ. ಅದು ಪತಂಗದ್ದಲ್ಲ, ಗರಗಸ ನೊಣದ ಮರಿ, ಜೇನು ಕಣಜಗಳ ಗುಂಪಿನದು. ಪತಂಗದ ಕೀಡಿಗೆಂದು ಕೊಡುವ ಬಿಟಿ ಪುಡಿ ಎರಚಿದರೆ ಅದು ಸಾಯದು. ಗೊಣ್ಣೆಹುಳಕ್ಕೆ ಎದೆಯ ಆರು ಕಾಲಷ್ಟೆ. ತೆಂಗಿನ ಕೆಂಪು ಮೂತಿಹುಳದ ಮರಿಗೆ ತಲೆಯಿದೆ, ಕಾಲಿಲ್ಲ. ಮಾವಿನ ಹಣ್ಣು ಕೊಯ್ದಾಗ ಒಳಗೆ ಚಿಮ್ಮುವ ನೊಣದ ಮರಿಗೆ ಕಾಲೂ ಇಲ್ಲ, ಎದ್ದು ಕಾಣುವ ತಲೆಯೂ ಇಲ್ಲ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಗೋವಿನಜೋಳದಲ್ಲಿ ಒಂದು ಹೊಸ ಕೀಡಿ ಸಿಕ್ಕಿತು. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಗುರುತಾದದ್ದು ಅಲ್ಲಿ. ನೋಡಿದವರು ಇದು ನಮ್ಮ ಹಳೆಯ ಕೀಡಿಯಲ್ಲ ಎಂದು ಅನುಮಾನ ಪಟ್ಟು ಮೈಮೇಲಿನ ಗುರುತು ಹುಡುಕಿದರು. ನೀವೂ ನೋಡಬಹುದು: ಮುಖದ ಮೇಲೆ ಬಿಳಿ ಗೆರೆಯಲ್ಲಿ ಬರೆದ, ತಲೆಕೆಳಗಾದ ಇಂಗ್ಲಿಷಿನ ‘ವೈ’ ಅಕ್ಷರ, ಬಾಲದ ಹತ್ತಿರ, ಹೊಟ್ಟೆಯ ಎಂಟನೇ ಭಾಗದ ಬೆನ್ನ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಈ ಎರಡೂ ಕಂಡರೆ ಅದೇ. ಸುಳಿಯ ಒಳಗೆ ಇಳಿದು ಹಿಕ್ಕೆಯಿಂದ ಬಾಯಿ ಮುಚ್ಚಿಕೊಳ್ಳುವ ಮುಂಚೆ, ಮರಿ ಸಣ್ಣದಿರುವಾಗಲೇ ಕಂಡುಹಿಡಿದರೆ ಖರ್ಚೂ ಕಡಿಮೆ, ನಷ್ಟವೂ ಕಡಿಮೆ. ಬೆಳೆದ ಮೇಲೆ ಸುಳಿಯ ಹೊರಗೆ ಎಷ್ಟು ಸಿಂಪಡಿಸಿದರೂ ಒಳಗಿನದಕ್ಕೆ ತಾಗುವುದು ಕಷ್ಟ.

ನನ್ನನ್ನು ಈ ಪತ್ರಕ್ಕೆ ಕೂರಿಸಿದ ಇನ್ನೊಂದು ದೃಶ್ಯ ಅಲಸಂದೆ ಹೊಲದ್ದು. ಬಳ್ಳಿಯ ತುದಿಗೆಲ್ಲ ಕರಿಹೇನು ಕಟ್ಟಿತ್ತು. ಅವುಗಳ ನಡುವೆ ಮೊಸಳೆಯಂತೆ ಉದ್ದ ಮೈಯ, ಕಪ್ಪಗೆ, ಬೆನ್ನ ಮೇಲೆ ಕಿತ್ತಳೆ ಚುಕ್ಕೆಯ ಮರಿಗಳು ಚುರುಕಾಗಿ ಓಡಾಡುತ್ತಿದ್ದವು. “ಇವ್ ನೋಡ್ರಿ ಕಾಕಾ, ಹೇನಿಗಿಂತ ಇವs ಕೆಟ್ಟವು” ಎಂದು ಹೊಲದ ಹುಡುಗ ಅವನ್ನು ಒಂದೊಂದಾಗಿ ಉಗುರಲ್ಲಿ ಒರೆಸುತ್ತಿದ್ದ. ಅವು ಗುಲಗಂಜಿ ಹುಳದ ಮರಿಗಳು. ಒಂದೊಂದೂ ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ. ಕೈಬಿಡಿಸಿ ಒಂದನ್ನು ಮಸೂರದಡಿ ತೋರಿಸಿದೆ. ಅದು ಹೇನನ್ನು ದವಡೆಯಲ್ಲಿ ಹಿಡಿದು ಎತ್ತಿ ಅಗಿಯುವುದನ್ನು ಅವನು ತುಂಬ ಹೊತ್ತು ನೋಡುತ್ತ ನಿಂತ. ಅವನಿಗೆ ಗೊತ್ತಿದ್ದದ್ದು ಕೆಂಪು ಚಿಪ್ಪಿನ ದೊಡ್ಡ ಹುಳ ಮಾತ್ರ; ಅದರ ಮರಿ ಇಷ್ಟು ಬೇರೆಯಾಗಿರುತ್ತದೆಂದು ಯಾರೂ ಹೇಳಿರಲಿಲ್ಲ.

ಗುಂಪು ಗೊತ್ತಾದರೆ ಎಲ್ಲ ಮುಗಿಯಿತು ಎನ್ನಲಾರೆ. ಗುಲಗಂಜಿ ಹುಳದ ಬಳಗದಲ್ಲೇ ಬದನೆ ಎಲೆ ಕೆರೆದು ಬಲೆಯಾಗಿಸುವ ಹಡ್ಡ ದುಂಬಿ ಇದೆ. ಅದರ ಚಿಪ್ಪಿಗೆ ಹೊಳಪಿಲ್ಲ, ನವುರು ರೋಮದಿಂದ ಮಂಕಾಗಿರುತ್ತದೆ. ಮರಿ ಹಳದಿ, ಮೈತುಂಬ ಕವಲು ಮುಳ್ಳು. ಸ್ನೇಹಿತ ಗುಲಗಂಜಿಯ ಚಿಪ್ಪು ನಯವಾಗಿ ಮಿರುಗುತ್ತದೆ. ತಿಗಣೆಗಳಲ್ಲೂ ಹಾಗೆಯೇ: ಗಿಡಕ್ಕೆ ಚುಚ್ಚುವವು ಬಹಳ, ಆದರೆ ಮೊಟಕಾಗಿ ಬಾಗಿದ ದಪ್ಪ ಸೂಜಿಯುಳ್ಳವು ಕೀಡಿಗಳಿಗೆ ಚುಚ್ಚುವ ಬೇಟೆಗಾರರು. ಕಣಜಗಳಂತೂ ಹೆಚ್ಚಿನವು ನಮ್ಮ ಕಡೆಯವೇ.

ಕಣಜ ಎಂದಾಗ ಪಪ್ಪಾಯಿ ಹಿಟ್ಟುತಿಗಣೆಯ ಸಂಗತಿ ಹೇಳಲೇಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಅದು ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಎಲ್ಲವನ್ನೂ ಹಿಡಿದು ನಮ್ಮ ರಾಜ್ಯಕ್ಕೂ ಬಂತು. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಔಷಧಿ ಸರಿಯಾಗಿ ತಾಗುತ್ತಿರಲಿಲ್ಲ. ಹಿಪ್ಪುನೇರಳೆಗಂತೂ ವಿಷ ಹೊಡೆದರೆ ಎಲೆ ತಿನ್ನುವ ರೇಷ್ಮೆಹುಳುವೇ ಸಾಯುತ್ತದೆ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆಯವರು ಪೋರ್ಟೊ ರಿಕೊದಿಂದ ಒಂದು ಪರತಂತ್ರ ಕಣಜವನ್ನು ತರಿಸಿದರು. ಅಸಿರೋಫೇಗಸ್ ಪಪಾಯೆ ಅದರ ಹೆಸರು, ಉದ್ದ ಒಂದು ಮಿಲಿಮೀಟರೂ ಇಲ್ಲ. ಅದು ಹಿಟ್ಟುತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗಿಂದಲೇ ತಿಂದು ಹೊರಬರುತ್ತದೆ. ಬಿಟ್ಟ ಕಡೆಯೆಲ್ಲ ಹಾವಳಿ ಇಳಿಯಿತು. ಇಂಥ ಕಣಜಗಳು ನಿಮ್ಮ ಹೊಲದಲ್ಲಿ ಈಗಲೂ ಕೆಲಸದಲ್ಲಿವೆ. ಹೇನುಗಳ ಗುಂಪಿನಲ್ಲಿ ಕೆಲವು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಕದಲದೆ ಅಂಟಿಕೊಂಡಿರುತ್ತವೆ. ಕೆಲವುಗಳ ಬೆನ್ನಲ್ಲಿ ಗುಂಡಗಿನ ತೂತು. ಆ ತೂತಿನಿಂದ ಕಣಜ ಹೊರಟುಹೋಗಿದೆ, ತೂತಿಲ್ಲದ್ದರಲ್ಲಿ ಇನ್ನೂ ಒಳಗಿದೆ. ಅಂಥವು ಹೆಚ್ಚಾಗಿ ಕಂಡ ವಾರ ದಯವಿಟ್ಟು ಔಷಧಿ ಹೊಡೆಯಬೇಡಿ.

ಈಗ ನನ್ನ ಕೋರಿಕೆಗಳು. ಹತ್ತು ಪಟ್ಟಿನ ಕೈಮಸೂರವೊಂದನ್ನು ಕೊಂಡು ಕಿಸೆಯಲ್ಲಿಟ್ಟುಕೊಳ್ಳಿ. ಒಂದು ಬಾಟಲಿ ಔಷಧಿಗಿಂತ ಅಗ್ಗಕ್ಕೆ ಸಿಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ವಾರಕ್ಕೊಮ್ಮೆ ಬೆಳಗ್ಗೆ ಹೊಲದ ನಾಲ್ಕು ಮೂಲೆ, ನಡುಭಾಗ ತಿರುಗಿ ಎಲೆಯ ಅಡಿ ನೋಡಿ. ಫೋಟೋ ತೆಗೆಯುವುದಾದರೆ ಬೆನ್ನಿನದೊಂದು, ಪಕ್ಕದಿಂದೊಂದು, ಗಾಯವಾದ ಎಲೆಯದೊಂದು, ಮೂರು ತೆಗೆಯಿರಿ. ದೂರದಿಂದ ತೆಗೆದ ಮಸುಕು ಚಿತ್ರ ನೋಡಿ ಯಾವ ತಜ್ಞರೂ ಹೇಳಲಾರರು. ಅಂಗಡಿಗೆ ಹೋದಾಗ “ಛಲೋ ಎಣ್ಣಿ” ಕೇಳಬೇಡಿ. “ಎಲೆ ಕೆಳಕ್ಕೆ ಮಡಚೈತ್ರಿ, ಎಂಟು ಕಾಲಿನ ಮೈಟ್ ಐತಿ, ಅದಕ್ಕಷ್ಟ ಕೊಡ್ರಿ” ಎನ್ನಿ. ಹಾಗೆ ಕೇಳುವ ಗಿರಾಕಿಗೆ ಬೇಡದ ಪೊಟ್ಟಣ ಹಚ್ಚುವುದು ಸುಲಭವಲ್ಲ. ಅಂಗಡಿ ನಡೆಸುವವರೂ ನಮ್ಮವರೇ. ಬಾಟಲಿ ಕೊಡುವ ಮುಂಚೆ ಹುಳ ಯಾವುದೆಂದು ಒಂದು ಮಾತು ಕೇಳಿ ಎಂದು ಅವರನ್ನೂ ಈ ಪತ್ರದ ಮೂಲಕ ಬೇಡಿಕೊಳ್ಳುತ್ತೇನೆ. ಮನೆಯಲ್ಲಿ ಕಳೆ ಕೀಳಲು ಹೋಗುವ ಅವ್ವ, ಅಕ್ಕ, ಹೆಂಡತಿ ದಿನವಿಡೀ ಗಿಡಕ್ಕೆ ಮುಖವಿಟ್ಟು ದುಡಿಯುವವರು. ಹುಳ ಮೊದಲು ಕಾಣುವುದು ಅವರಿಗೆ. ಮಸೂರ ಅವರ ಕೈಗೂ ಕೊಡಿ, ಅವರು ಹೇಳಿದ್ದನ್ನು ಕೇಳಿ.

ಗುರುತು ಸಿಗದ ಹುಳ ಕಂಡರೆ ಗಾಳಿಯಾಡಲು ತೂತು ಮಾಡಿದ ಡಬ್ಬಿಯಲ್ಲಿ ತಿಂದ ಎಲೆಯ ಸಮೇತ ಹಾಕಿ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ. “ಸರ್, ಇದು ಯಾವ ಗುಂಪು, ಕಡಿಯುವುದೋ ಹೀರುವುದೋ, ನಮಗೆ ಸ್ನೇಹಿತನೋ ಅಲ್ಲವೋ” ಎಂದು ಕೇಳಿ, ಉತ್ತರ ಬರೆಸಿಕೊಂಡೇ ಬನ್ನಿ. ಅಲ್ಲಿಯವರೆಗೆ ಪಂಪು ಗೋಡೆಗೆ ಒರಗಿರಲಿ.

ಇಂತಿ ನಿಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ರೈತ, ಬರಹಗಾರ